ತಂದೆಯವರ ಬಿ.ಪಿ. ಮಾತ್ರೆಗಳು: ಒಂದೇ ಮದ್ದು, ಎರಡು ಹೆಸರು

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದವರು. ನನ್ನ ತಂದೆಗೆ 71 ವರ್ಷ, ಅಡಿಕೆ ಕೃಷಿಕರು. ಎರಡು ವರ್ಷಗಳಿಂದ ರಕ್ತದೊತ್ತಡಕ್ಕೆ ಮಂಗಳೂರಿನ ವೈದ್ಯರು ಬರೆದ ಮಾತ್ರೆಯನ್ನು ಬೆಳಿಗ್ಗೆ ತೆಗೆದುಕೊಳ್ಳುತ್ತಿದ್ದಾರೆ. ಅದು ಟೆಲ್ಮಿಸಾರ್ಟಾನ್ 40, ಹೆಸರಿನ ಕೊನೆಯಲ್ಲಿ ‘ಎಎಂ’ ಎಂದಿದೆ. ನಾಲ್ಕು ತಿಂಗಳಿಂದ ಪಂಚಾಯತಿನ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಡುವ ಅಮ್ಲೋಡಿಪಿನ್ 5 ಮಾತ್ರೆಯನ್ನೂ ರಾತ್ರಿ ನುಂಗುತ್ತಾರೆ. ಈಗ ಎರಡೂ ಪಾದಗಳು ಊದಿವೆ. ಪೇಟೆಯ ಕ್ಲಿನಿಕ್ಕಿನಲ್ಲಿ ಊತಕ್ಕೆಂದು ಫ್ಯೂರೋಸೆಮೈಡ್ 40 ಕೊಟ್ಟರು. ಊತ ಇಳಿಯಲಿಲ್ಲ, ತಲೆ ತಿರುಗಲು ಶುರುವಾಯಿತು. ಮೊನ್ನೆ ತೋಟದ ಸಂಕದ (ಕಾಲುಸೇತುವೆಯ) ಮೇಲೆಯೇ ಕುಸಿದು ಕುಳಿತರು. ಮೊಣಕಾಲು ನೋವಿಗೆ ಅಂಗಡಿಯಿಂದ ಅಸೆಕ್ಲೋಫೆನಾಕ್ ತಂದು ತಿನ್ನುತ್ತಾರೆ. ನೆಂಟರೊಬ್ಬರು ಸರ್ಪಗಂಧದ ಪುಡಿ ಕೊಟ್ಟಿದ್ದಾರೆ. ಬಿ.ಪಿ. 120/80 ಬಂದ ದಿನ ಮಾತ್ರೆ ಬಿಡುತ್ತಾರೆ, 160 ಬಂದ ದಿನ ಎರಡು ನುಂಗುತ್ತಾರೆ. ಲಕೋಟೆಯ ಮೇಲಿನ ಮಲಯಾಳ ನಮಗೆ ಓದಲು ಬರುವುದಿಲ್ಲ. ‘ಒಮ್ಮೆ ಶುರು ಮಾಡಿದರೆ ಸಾಯುವವರೆಗೂ ಬಿಡಲಿಕ್ಕಿಲ್ಲ, ಕಿಡ್ನಿಯೂ ಹೋಗುತ್ತದೆ’ ಎಂದು ತಂದೆ ಹೇಳುತ್ತಾರೆ. ನಾವು ಏನು ಮಾಡಬೇಕು?
— ಒಬ್ಬ ಶಾಲಾ ಶಿಕ್ಷಕಿ

ಉತ್ತರ: ನಿಮ್ಮ ಪತ್ರ ಓದಿ ಮುಗಿಸಿದವನೇ ಒಂದು ಕಾಗದ ತೆಗೆದುಕೊಂಡು, ತಂದೆಯವರ ಹೊಟ್ಟೆಗೆ ಹೋಗುತ್ತಿರುವ ಮದ್ದುಗಳನ್ನು ಒಂದರ ಕೆಳಗೊಂದು ಬರೆದೆ. ಐದಾದವು. ಪ್ರತಿಯೊಂದರ ಎದುರು ಅದನ್ನು ಕೊಟ್ಟವರು ಯಾರೆಂದು ಬರೆದೆ. ಅವರೂ ಐವರು: ಮಂಗಳೂರಿನ ವೈದ್ಯರು, ಆರೋಗ್ಯ ಕೇಂದ್ರ, ಪೇಟೆಯ ಕ್ಲಿನಿಕ್, ಔಷಧದಂಗಡಿ, ನೆಂಟರು. ಉಳಿದ ನಾಲ್ವರು ಏನು ಕೊಟ್ಟಿದ್ದಾರೆಂಬುದು ಈ ಐವರಲ್ಲಿ ಒಬ್ಬರಿಗೂ ಗೊತ್ತಿರಲಾರದು. ಎಲ್ಲರೂ ಒಳ್ಳೆಯದನ್ನೇ ಬಯಸಿದವರು. ಆದರೂ ನಿಮ್ಮ ತಂದೆಯವರು ಸಂಕದ ಮೇಲೆ ಕುಸಿದು ಕುಳಿತರು.

ಗಡಿಯ ಈಚೆ ಇಷ್ಟು ವರ್ಷ ವೈದ್ಯನಾಗಿ ಕೆಲಸ ಮಾಡಿದ ನನಗೆ ಇದು ಹೊಸ ಕಥೆಯಲ್ಲ. ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆಗೆ ಮಂಗಳೂರು, ತಿಂಗಳ ಮದ್ದಿಗೆ ಪಂಚಾಯತಿನ ಆರೋಗ್ಯ ಕೇಂದ್ರ, ಅವಸರಕ್ಕೆ ಪೇಟೆಯ ಕ್ಲಿನಿಕ್. ಒಂದು ಕಡೆಯ ಚೀಟಿ ಇಂಗ್ಲಿಷಿನಲ್ಲಿ, ಇನ್ನೊಂದು ಕಡೆಯ ಲಕೋಟೆ ಮಲಯಾಳದಲ್ಲಿ, ಮನೆಯ ಮಾತು ಕನ್ನಡದಲ್ಲೋ ತುಳುವಿನಲ್ಲೋ. ಎರಡು ರಾಜ್ಯಗಳ ದಾಖಲೆಗಳು ಒಂದನ್ನೊಂದು ನೋಡುವುದಿಲ್ಲ. ಅವು ಒಟ್ಟಿಗೆ ಸೇರುವುದು ರೋಗಿಯ ಹೊಟ್ಟೆಯಲ್ಲಿ ಮಾತ್ರ.

ಮೊದಲು ಇವತ್ತೇ ಮಾಡಬೇಕಾದದ್ದನ್ನು ಹೇಳುತ್ತೇನೆ. ಅಂಗಡಿಯಿಂದ ತಂದ ನೋವಿನ ಮಾತ್ರೆಯನ್ನೂ ಸರ್ಪಗಂಧದ ಪುಡಿಯನ್ನೂ ನಿಲ್ಲಿಸಿ. ಇವೆರಡನ್ನೂ ಯಾವ ವೈದ್ಯರೂ ಬರೆದುಕೊಟ್ಟಿಲ್ಲ. ಉಳಿದ ಮೂರನ್ನು ನೀವಾಗಿ ನಿಲ್ಲಿಸಬೇಡಿ, ಆದರೆ ಮುಂದಿನ ತಿಂಗಳ ಭೇಟಿಯವರೆಗೆ ಕಾಯಲೂ ಬೇಡಿ. ತಲೆ ತಿರುಗಿ ಬೀಳುವಷ್ಟಾಗಿರುವುದರಿಂದ ನಾಳೆಯೇ ಆ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು, ತಂದೆಯವರನ್ನು ಕರೆದುಕೊಂಡು ಆರೋಗ್ಯ ಕೇಂದ್ರದ ವೈದ್ಯರ ಬಳಿಗೆ ಹೋಗಿ. ಹೆಸರು ಹೇಳಿದರೆ ಸಾಲದು. ಮಾತ್ರೆಗಳ ಹಾಳೆಗಳನ್ನೇ ಮೇಜಿನ ಮೇಲೆ ಇಡಿ. ಅಲ್ಲಿಯವರೆಗೆ ಅವರು ಒಬ್ಬರೇ ತೋಟಕ್ಕೆ ಹೋಗುವುದು ಬೇಡ.

ಈಗ ‘ಎಎಂ’ ಎಂಬ ಆ ಎರಡು ಅಕ್ಷರಗಳ ವಿಷಯಕ್ಕೆ ಬರುತ್ತೇನೆ. ಬಿ.ಪಿ. ಮಾತ್ರೆಯ ಕಂಪೆನಿ ಹೆಸರಿನ ಕೊನೆಯಲ್ಲಿ ಬರುವ ಇಂಥ ಅಕ್ಷರಗಳು ಸಾಮಾನ್ಯವಾಗಿ ಅದರೊಳಗೆ ಇನ್ನೊಂದು ಮದ್ದೂ ಸೇರಿದೆ ಎಂದು ತಿಳಿಸುತ್ತವೆ. ‘ಎಎಂ’ ಎಂದರೆ ಅಮ್ಲೋಡಿಪಿನ್. ‘ಎಚ್’ ಎಂದರೆ ಹೈಡ್ರೋಕ್ಲೋರೋಥಯಾಜೈಡ್, ಅಂದರೆ ಮೂತ್ರ ಹೆಚ್ಚಿಸುವ ಮದ್ದು. ‘ಸಿಟಿ’ ಎಂದರೆ ಅದೇ ಗುಂಪಿನ ಕ್ಲೋರ್‌ಥಲಿಡೋನ್. ನಿಮ್ಮ ತಂದೆಯವರ ಬೆಳಗಿನ ಮಾತ್ರೆಯೊಳಗೆ ಟೆಲ್ಮಿಸಾರ್ಟಾನ್ ಜೊತೆಗೆ ಅಮ್ಲೋಡಿಪಿನ್ ಕೂಡ ಇದೆ, ಹೆಚ್ಚಾಗಿ 5 ಮಿಲಿಗ್ರಾಂ. ಹಾಳೆಯ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಅದನ್ನು ಓದಿ ಖಚಿತ ಮಾಡಿಕೊಳ್ಳಿ. ರಾತ್ರಿ ನುಂಗುವ ಉಚಿತ ಮಾತ್ರೆಯೂ ಅಮ್ಲೋಡಿಪಿನ್ 5. ಎರಡು ಬೇರೆ ಮದ್ದು ಎಂದುಕೊಂಡು ಅವರು ನಾಲ್ಕು ತಿಂಗಳಿಂದ ಒಂದೇ ಮದ್ದನ್ನು ದಿನಕ್ಕೆರಡು ಬಾರಿ, ಒಟ್ಟು 10 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದಾರೆ.

ಗಾಬರಿಯಾಗಬೇಡಿ. 10 ಮಿಲಿಗ್ರಾಂ ವಿಷವಲ್ಲ. ಅಗತ್ಯವಿದ್ದವರಿಗೆ ವೈದ್ಯರು ಅಷ್ಟನ್ನು ಬರೆಯುವುದುಂಟು, ದಿನದ ಗರಿಷ್ಠ ಪ್ರಮಾಣ ಅದೇ. ಆದರೆ ನಿಮ್ಮ ತಂದೆಯವರಿಗೆ ಅಷ್ಟು ಬೇಕೆಂದು ಯಾರೂ ತೀರ್ಮಾನಿಸಿರಲಿಲ್ಲ, ಅದು ತಾನಾಗಿ ಆಗಿಹೋಯಿತು. ಅಮ್ಲೋಡಿಪಿನ್‌ನ ಪ್ರಮಾಣ ಹೆಚ್ಚಿದಂತೆ ಪಾದ ಊದುವುದೂ ಹೆಚ್ಚುತ್ತದೆ. ಈ ಮದ್ದು ಸಣ್ಣ ಅಪಧಮನಿಗಳನ್ನು ಸಡಿಲಗೊಳಿಸುತ್ತದೆ, ಒತ್ತಡ ಇಳಿಯುವುದು ಅದರಿಂದಲೇ. ಅಭಿಧಮನಿಗಳು ಮಾತ್ರ ಅಷ್ಟೇ ಸಡಿಲವಾಗುವುದಿಲ್ಲ. ಬರುವ ತೋಡು ಅಗಲವಾಗಿ, ಹೋಗುವ ತೋಡು ಇದ್ದಷ್ಟೇ ಇದ್ದರೆ ನಡುವಿನ ಗದ್ದೆಯಲ್ಲಿ ನೀರು ಜಿನುಗುತ್ತದಲ್ಲ, ಹಾಗೆ ಕಣಕಾಲಿನ ಹತ್ತಿರ ನೀರು ಸೋರಿ ನಿಲ್ಲುತ್ತದೆ. ಈ ಊತಕ್ಕೆ ಕಾರಣ ದೇಹದಲ್ಲಿ ನೀರು ಹೆಚ್ಚಾದದ್ದಲ್ಲ. ಆದ್ದರಿಂದ ಮೂತ್ರದಲ್ಲಿ ನೀರು ಹೊರಹಾಕುವ ಫ್ಯೂರೋಸೆಮೈಡ್ ಇದನ್ನು ಅಷ್ಟಾಗಿ ಇಳಿಸಲಾರದು.

ಒಂದು ಮದ್ದಿನ ಅಡ್ಡಪರಿಣಾಮವನ್ನು ಹೊಸ ಕಾಯಿಲೆಯೆಂದು ತಿಳಿದು ಅದಕ್ಕೆ ಇನ್ನೊಂದು ಮದ್ದು, ಆ ಇನ್ನೊಂದರ ತೊಂದರೆಗೆ ಮತ್ತೊಂದು: ವಯಸ್ಸಾದವರಲ್ಲಿ ನಾನು ಅತಿ ಹೆಚ್ಚು ಹೆದರುವುದು ಈ ಸರಪಳಿಗೆ. ನಿಮ್ಮ ತಂದೆಯವರಲ್ಲಿ ಅದರ ಕೊಂಡಿಗಳು ಸ್ಪಷ್ಟವಾಗಿ ಕಾಣುತ್ತವೆ. ಅಮ್ಲೋಡಿಪಿನ್ ಇಮ್ಮಡಿಯಾಯಿತು, ಕಾಲು ಊದಿತು. ಊತಕ್ಕೆ ಫ್ಯೂರೋಸೆಮೈಡ್ ಬಂತು, ದೇಹದ ನೀರು ಮತ್ತು ಲವಣ ಕಡಿಮೆಯಾಯಿತು, ಎದ್ದು ನಿಂತಾಗ ಒತ್ತಡ ಕುಸಿಯತೊಡಗಿತು. ಪುಣ್ಯಕ್ಕೆ ಆ ತಲೆ ತಿರುಗುವಿಕೆಗೆ ಇನ್ನೂ ಯಾರೂ ಮಾತ್ರೆ ಕೊಟ್ಟಿಲ್ಲ.

ಆದರೂ ಊತಕ್ಕೆ ಮಾತ್ರೆಯೇ ಕಾರಣವೆಂದು ಪತ್ರ ಓದಿ ನಾನು ತೀರ್ಪು ಕೊಡಲಾರೆ. ಹೃದಯ, ಮೂತ್ರಪಿಂಡ, ಯಕೃತ್ತು ಸೋತಾಗಲೂ ಕಾಲು ಊದುತ್ತದೆ. ವೈದ್ಯರು ಪರೀಕ್ಷಿಸಿ ಅವನ್ನು ತಳ್ಳಿಹಾಕಬೇಕು. ಒಂದೇ ಕಾಲು ಊದಿ ನೋಯುತ್ತಿದ್ದರೆ, ಮಲಗಿದಾಗ ಉಸಿರು ಕಟ್ಟುತ್ತಿದ್ದರೆ ಅದು ಬೇರೆಯೇ ವಿಷಯ, ಅಂದೇ ತೋರಿಸಬೇಕು.

ನೋವಿನ ಮಾತ್ರೆಯನ್ನು ಇವತ್ತೇ ನಿಲ್ಲಿಸಿ ಎಂದದ್ದೇಕೆ? ಅಸೆಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ಒಂದೇ ಗುಂಪಿನವು. ಇವು ದೇಹದಲ್ಲಿ ಉಪ್ಪು, ನೀರು ನಿಲ್ಲುವಂತೆ ಮಾಡಿ ರಕ್ತದೊತ್ತಡ ಏರಿಸುತ್ತವೆ, ಬಿ.ಪಿ. ಮಾತ್ರೆಯ ಬಲವನ್ನೂ ಕುಗ್ಗಿಸುತ್ತವೆ. ಅದಕ್ಕಿಂತ ದೊಡ್ಡ ಅಪಾಯ ಮೂತ್ರಪಿಂಡಕ್ಕೆ. ಟೆಲ್ಮಿಸಾರ್ಟಾನ್ ಗುಂಪಿನ ಮದ್ದು, ಮೂತ್ರ ಹೆಚ್ಚಿಸುವ ಮದ್ದು, ಜೊತೆಗೆ ಈ ನೋವಿನ ಮದ್ದು – ಮೂರೂ ಒಟ್ಟಿಗೆ ಸೇರಿದರೆ ಮೂತ್ರಪಿಂಡಕ್ಕೆ ಹರಿಯುವ ರಕ್ತ ಮೂರು ದಿಕ್ಕಿನಿಂದಲೂ ಕಡಿಮೆಯಾಗುತ್ತದೆ. ವಯಸ್ಸಾದವರಿಗೆ, ಬೇಸಗೆಯಲ್ಲಿ ಬೆವರಿ ನೀರಡಿಸಿದಾಗ, ಇದು ಕೆಲವೇ ದಿನಗಳಲ್ಲಿ ಮೂತ್ರಪಿಂಡವನ್ನು ಕೆಡಿಸಬಲ್ಲದು. ‘ಬಿ.ಪಿ. ಮಾತ್ರೆ ತಿಂದು ಕಿಡ್ನಿ ಹೋಯಿತು’ ಎಂದು ಊರಿನಲ್ಲಿ ಕೇಳುವ ಕಥೆಗಳನ್ನು ಕೆದಕಿದರೆ, ಹಲವು ಬಾರಿ ನೋವಿನ ಮಾತ್ರೆಯ ಖಾಲಿ ಹಾಳೆಗಳು ಸಿಗುತ್ತವೆ. ಚೀಟಿಯಿಲ್ಲದೆ ಬಂದ ಮದ್ದಿನ ತಪ್ಪು ಚೀಟಿಯಿಂದ ಬಂದ ಮದ್ದಿನ ತಲೆಗೆ ಬೀಳುತ್ತದೆ.

ಹಾಗೆಂದು ಮೊಣಕಾಲು ನೋವನ್ನು ಸಹಿಸಿಕೊಂಡಿರಿ ಎನ್ನುವುದಿಲ್ಲ. ಪ್ಯಾರಾಸೆಟಮಾಲ್ ಇಂಥವರಿಗೆ ಸಾಮಾನ್ಯವಾಗಿ ಕಡಿಮೆ ಅಪಾಯದ್ದು. ಆದರೆ ದಿನವೂ, ತಿಂಗಳುಗಟ್ಟಲೆ ಬೇಕಾಗುತ್ತದೆ ಎಂದಾದರೆ ಅದನ್ನೂ ವೈದ್ಯರಿಗೆ ಹೇಳಿಯೇ ತೆಗೆದುಕೊಳ್ಳಬೇಕು. ನೀರಿಗೆ ಹಾಕಿದರೆ ನೊರೆಯುಕ್ಕುವ ಬಗೆಯದು ಬೇಡ, ಅದರಲ್ಲಿ ಸೋಡಿಯಂ ತುಂಬ ಇರುತ್ತದೆ. ಮೇಲೆ ಹಚ್ಚುವ ಡೈಕ್ಲೋಫೆನಾಕ್ ಮುಲಾಮು ರಕ್ತಕ್ಕೆ ಸೇರುವುದು ಬಹಳ ಕಡಿಮೆ, ವೈದ್ಯರನ್ನು ಕೇಳಿ ಅದನ್ನು ಬಳಸಬಹುದು. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಯವರು ಒಮ್ಮೆ ಕಲಿಸಿದರೆ ಮನೆಯಲ್ಲೇ ಮಾಡಬಹುದು. ನೆಗಡಿಯಾದಾಗಲೂ ಒಂದು ಎಚ್ಚರ ಬೇಕು: ಕಟ್ಟಿದ ಮೂಗು ತೆರೆಯುವ ಮಾತ್ರೆಗಳಲ್ಲಿರುವ ಫಿನೈಲ್ಎಫ್ರಿನ್, ಸ್ಯೂಡೋಎಫೆಡ್ರಿನ್‌ಗಳು ರಕ್ತನಾಳಗಳನ್ನು ಬಿಗಿಗೊಳಿಸಿ ಒತ್ತಡ ಏರಿಸುತ್ತವೆ. ‘ಬಿ.ಪಿ. ಇದೆ’ ಎಂದು ಅಂಗಡಿಯಲ್ಲಿ ಮೊದಲೇ ಹೇಳಿ.

ಸರ್ಪಗಂಧವನ್ನು ನಾನು ಕೀಳಾಗಿ ಕಾಣುವವನಲ್ಲ. ಅದು ನಿಜವಾಗಿಯೂ ರಕ್ತದೊತ್ತಡ ಇಳಿಸುತ್ತದೆ. 1949ರಲ್ಲಿ ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ ಅವರು ಈ ಬೇರಿನ ಮೇಲಿನ ತಮ್ಮ ಅನುಭವವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದ ಮೇಲೆ ಜಗತ್ತಿನ ಗಮನ ಇದರ ಕಡೆ ತಿರುಗಿತು. 1952ರಲ್ಲಿ ಇದರಿಂದ ರಿಸರ್ಪಿನ್ ಎಂಬ ಅಂಶವನ್ನು ಬೇರ್ಪಡಿಸಿದರು. ಅದು ವರ್ಷಗಟ್ಟಲೆ ಬಿ.ಪಿ. ಮಾತ್ರೆಯಾಗಿ ಬಳಕೆಯಲ್ಲಿತ್ತು. ನಿಜವಾದ ಮದ್ದಾಗಿರುವುದರಿಂದಲೇ ಇದನ್ನು ಲೆಕ್ಕವಿಲ್ಲದೆ ಸೇರಿಸಬಾರದು. ಚಮಚದಲ್ಲಿ ತೆಗೆದ ಪುಡಿಯಲ್ಲಿ ಅಂಶ ಎಷ್ಟಿದೆಯೆಂದು ಹೇಳಲು ಬರುವುದಿಲ್ಲ. ಹೃದಯದ ಬಡಿತ ನಿಧಾನವಾಗುವುದು, ಮಂಕು ಕವಿದು ಮನಸ್ಸು ಕುಗ್ಗುವುದು ಇದರ ಗೊತ್ತಿರುವ ಪರಿಣಾಮಗಳು. ಆಗಲೇ ಮೂರು ಮದ್ದು ನಡೆಯುತ್ತಿರುವಾಗ ನಾಲ್ಕನೆಯದಾಗಿ ಇದು ಸೇರಿದರೆ ಒತ್ತಡ ಎಲ್ಲಿಗೆ ಕುಸಿದೀತೆಂದು ಊಹಿಸಲಾಗದು. ತಂದೆಯವರಿಗೆ ಆಯುರ್ವೇದದಲ್ಲಿ ವಿಶ್ವಾಸವಿದ್ದರೆ ಕಲಿತ ಆಯುರ್ವೇದ ವೈದ್ಯರ ಬಳಿಗೇ ಹೋಗಲಿ, ಅವರಿಗೂ ಈ ಮಾತ್ರೆಗಳನ್ನು ತೋರಿಸಲಿ. ಕೆಮ್ಮಿಗೆ, ಗಂಟಲಿಗೆ ದಿನವೂ ಜ್ಯೇಷ್ಠಮಧು ಅಗಿಯುವ ಅಭ್ಯಾಸವಿದ್ದರೆ ಅದನ್ನೂ ಹೇಳಲಿ. ಅದು ಒತ್ತಡ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ.

ನೀವು ಶಿಕ್ಷಕಿ. ನಿಮ್ಮ ಅಕ್ಷರ ಚೆನ್ನಾಗಿರಬೇಕು. ಒಂದು ಹಾಳೆ ತೆಗೆದುಕೊಂಡು ಕನ್ನಡದಲ್ಲಿ ದೊಡ್ಡದಾಗಿ ಬರೆಯಿರಿ: ಮದ್ದಿನ ಮೂಲ ಹೆಸರು (ಕಂಪೆನಿ ಇಟ್ಟ ಹೆಸರಲ್ಲ, ಒಳಗಿರುವ ಮದ್ದಿನ ಹೆಸರು), ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಯಾತಕ್ಕೆ, ಯಾರು ಬರೆದರು, ಯಾವ ದಿನ ಶುರುವಾಯಿತು. ಮೂಲ ಹೆಸರಿನ ಪಕ್ಕದಲ್ಲಿ ಅದನ್ನು ಇಂಗ್ಲಿಷ್ ಅಕ್ಷರಗಳಲ್ಲೂ ಬರೆದಿರಲಿ, ಮಂಗಳೂರಿನವರಿಗೂ ಮಲಯಾಳ ಮಾತನಾಡುವ ನರ್ಸಿಗೂ ಅದು ಬೇಕಾಗುತ್ತದೆ. ಪುಡಿ, ಕಷಾಯ, ನೋವಿನ ಮುಲಾಮು ಎಲ್ಲವೂ ಅದರಲ್ಲಿರಲಿ. ಮದ್ದಿನ ಅಲರ್ಜಿ ಇದ್ದರೆ ಮೇಲ್ಗಡೆಯೇ ಕೆಂಪಕ್ಷರದಲ್ಲಿ ಬರೆಯಿರಿ. ಒಂದು ಪ್ರತಿ ಗೋಡೆಗೆ, ಒಂದು ಅವರ ಜೇಬಿಗೆ, ಒಂದು ಫೋಟೋ ನಿಮ್ಮ ಮೊಬೈಲಿಗೆ. ಯಾವ ವೈದ್ಯರ ಬಳಿಗೆ ಹೋದರೂ ನಾಡಿ ತೋರಿಸುವ ಮೊದಲು ಆ ಹಾಳೆ ತೋರಿಸಲಿ. ಈ ಹಾಳೆಯಲ್ಲಿ ಸೇರದೆ ಯಾವ ಮದ್ದೂ ಬಾಯಿಗೆ ಹೋಗಬಾರದು ಎಂಬ ನಿಯಮವೊಂದು ನಿಮ್ಮ ಮನೆಯಲ್ಲಿ ನಿಂತರೆ, ಮೇಲೆ ಹೇಳಿದ ಸರಪಳಿ ಮತ್ತೆ ಬೆಳೆಯುವುದು ಕಷ್ಟ.

ಅಂಗಡಿಯವರು ಬೇರೆ ಕಂಪೆನಿಯದನ್ನು ಕೊಟ್ಟರೆ ಹೆಸರು, ಬಣ್ಣ, ಆಕಾರ ಎಲ್ಲವೂ ಬದಲಾಗುತ್ತವೆ. ಬಣ್ಣ ನೋಡಿ ಮಾತ್ರೆ ಗುರುತಿಸುವ ಹಿರಿಯರು ಆಗ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ನುಂಗುತ್ತಾರೆ. ಹಾಳೆಯಲ್ಲಿರುವ ಮೂಲ ಹೆಸರನ್ನು ಹೊಸ ಮಾತ್ರೆಯ ಮೇಲೆ ಹುಡುಕಿ, ಅದೂ ಮಿಲಿಗ್ರಾಮೂ ಹೊಂದಿದರೆ ಮದ್ದು ಅದೇ. ಉಚಿತವಾಗಿ ಸಿಗುವ ಮಾತ್ರೆ ಕಡಿಮೆ ಗುಣದ್ದು ಎಂದು ಭಾವಿಸಬೇಡಿ. ಎಎಂ ಮಾತ್ರೆಯಲ್ಲಿರುವ ಎರಡನ್ನೂ ಬಿಡಿಬಿಡಿಯಾಗಿ ಆರೋಗ್ಯ ಕೇಂದ್ರದಿಂದಲೇ ಪಡೆಯಲು ಸಾಧ್ಯವಾದರೆ ಹಣವೂ ಉಳಿಯುತ್ತದೆ. ಒಂದು ಕಡೆಯದು ಸಾಕು. ಯಾವ ಕಡೆಯದೆಂದು ವೈದ್ಯರ ಜೊತೆ ಮಾತನಾಡಿ ತೀರ್ಮಾನಿಸಿ.

ಲಕೋಟೆಯ ಮಲಯಾಳದ ಬಗ್ಗೆ. ಮುಖ್ಯವಾದ ಗುರುತು ಅಂಕಿಗಳಲ್ಲಿರುತ್ತದೆ: 1-0-1 ಎಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. 0-0-1 ಎಂದರೆ ರಾತ್ರಿ ಮಾತ್ರ. ಕೇಳಿಸಿಕೊಂಡರೆ ಉಳಿದವೂ ಅಷ್ಟು ದೂರದವಲ್ಲ: ‘ರಾವಿಲೆ’ ಬೆಳಿಗ್ಗೆ, ‘ಉಚ್ಚ’ ಮಧ್ಯಾಹ್ನ, ‘ರಾತ್ರಿ’ ರಾತ್ರಿಯೇ. ‘ಭಕ್ಷಣತ್ತಿನು ಮುನ್ಪ್’ ಎಂದರೆ ಊಟಕ್ಕೆ ಮೊದಲು. ‘ಶೇಷಂ’ ಎಂಬ ಮಾತಿನಲ್ಲಿ ನಮ್ಮವರು ಎಡವುತ್ತಾರೆ, ಕನ್ನಡದ ಶೇಷದಂತೆ ಅದು ಉಳಿದದ್ದಲ್ಲ, ಊಟದ ಅನಂತರ ಎಂದರ್ಥ. ತಿಳಿಯದಿದ್ದರೆ ಕಿಟಕಿಯಲ್ಲೇ ನಿಂತು, ‘ನನಗೆ ಮಲಯಾಳ ಓದಲು ಬರುವುದಿಲ್ಲ, ಹೇಳಿ’ ಎಂದು ಕೇಳಿ, ಅಲ್ಲಿಯೇ ಲಕೋಟೆಯ ಮೇಲೆ ಕನ್ನಡದಲ್ಲಿ ಬರೆದುಕೊಳ್ಳಿ. ಇದರಲ್ಲಿ ನಾಚಿಕೆಯೇನೂ ಇಲ್ಲ. ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ಎರಡೂ ಭಾಷೆ ಬಲ್ಲವರಾದರೆ ಹಾಳೆಯನ್ನು ಒಮ್ಮೆ ಅವರಿಗೂ ತೋರಿಸಿ.

ಇನ್ನು 120/80 ಬಂದ ದಿನ ಬಿಡುವುದು, 160 ಬಂದ ದಿನ ಎರಡು ನುಂಗುವುದು. ಮಿಕ್ಕೆಲ್ಲದಕ್ಕಿಂತ ಇದರಲ್ಲಿ ನನಗೆ ಹೆಚ್ಚು ಕಾಳಜಿ, ಏಕೆಂದರೆ ಇದು ತಂದೆಯವರ ಸ್ವಂತ ತರ್ಕ, ಕೇಳುವಾಗ ಸರಿಯೆಂದೇ ಅನಿಸುತ್ತದೆ. ಅವರಿಗೆ ಅವರ ತೋಟದ ಮಾತಿನಲ್ಲೇ ಹೇಳಿ. ಮಳೆ ಹಿಡಿಯುವ ಮುಂಚೆ ಅಡಿಕೆಗೆ ಮದ್ದು ಬಿಡುತ್ತೀರಿ, ಕೊಳೆರೋಗ ಕಾಣಿಸಿಕೊಂಡ ಮೇಲಲ್ಲ. ಗೊನೆ ಹಸಿರಾಗಿ ಚೆನ್ನಾಗಿದೆಯೆಂದು ಎರಡನೆಯ ಸಲದ ಬೋರ್ಡೋ ಸಿಂಪಡಣೆಯನ್ನು ಬಿಟ್ಟುಬಿಡುತ್ತೀರಾ? ಗೊನೆ ಚೆನ್ನಾಗಿರುವುದೇ ಮದ್ದು ಬಿಟ್ಟದ್ದರಿಂದ. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್ ಎಂಬ ಲೆಕ್ಕವನ್ನು ಒಂದು ದಿನ ಅರ್ಧ, ಒಂದು ದಿನ ಇಮ್ಮಡಿ ಮಾಡುವ ಕೃಷಿಕರು ಯಾರೂ ಇಲ್ಲ. 120/80 ಎಂದರೆ ಕಾಯಿಲೆ ಹೋಯಿತೆಂದಲ್ಲ, ಮಾತ್ರೆ ತನ್ನ ಕೆಲಸ ಮಾಡುತ್ತಿದೆ ಎಂದು.

‘ನಾನು ಮೂರು ದಿನ ಬಿಟ್ಟು ನೋಡಿದೆ, ಏರಲಿಲ್ಲ’ ಎಂದು ಅವರು ವಾದಿಸಬಹುದು. ಅದೂ ನಿಜವೇ. ಅಮ್ಲೋಡಿಪಿನ್ ದೇಹದಿಂದ ತುಂಬ ನಿಧಾನವಾಗಿ ಹೊರಹೋಗುವ ಮದ್ದು, ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು 30ರಿಂದ 50 ಗಂಟೆ ಬೇಕು. ಬಿಟ್ಟ ಮೂರನೆಯ ದಿನವೂ ಹಿಂದಿನ ಮಾತ್ರೆಯೇ ಅವರನ್ನು ಕಾಯುತ್ತಿರುತ್ತದೆ. ಒತ್ತಡ ಏರುವುದು ಅನಂತರ, ಅಳೆಯುವ ಯಂತ್ರವನ್ನು ಒಳಗಿಟ್ಟು ನಿಶ್ಚಿಂತರಾದ ಮೇಲೆ. ಈ ಮದ್ದು ಕೆಲಸಕ್ಕಿಳಿಯುವುದೂ ನಿಧಾನ, ಆದ್ದರಿಂದ ಆ ದಿನ ಹೆಚ್ಚುವರಿ ನುಂಗಿದ ಮಾತ್ರೆ ಆ ದಿನದ 160ನ್ನು ಥಟ್ಟನೆ ಇಳಿಸುವುದಿಲ್ಲ. ಮರುದಿನ ತೋಟದಲ್ಲಿ ತಲೆ ತಿರುಗಲು ಮಾತ್ರ ಕಾರಣವಾಗುತ್ತದೆ.

ಒಂದು ಹೊತ್ತಿನದು ಮರೆತುಹೋದರೆ, ಅಂದೇ ನೆನಪಾದಾಗ ತೆಗೆದುಕೊಳ್ಳಲಿ. ಮುಂದಿನದರ ಸಮಯ ಹತ್ತಿರ ಬಂದಿದ್ದರೆ ತಪ್ಪಿದ್ದನ್ನು ಬಿಟ್ಟುಬಿಡಲಿ. ಎರಡನ್ನು ಒಟ್ಟಿಗೆ ನುಂಗುವುದು ಬೇಡ. ಬೆಳಿಗ್ಗೆಯೋ ರಾತ್ರಿಯೋ ಎಂಬುದರಲ್ಲಿ ಅಷ್ಟು ವ್ಯತ್ಯಾಸವಿಲ್ಲ: ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ಮಂದಿಯಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡೂ ಸಮಾನವಾಗಿ ಕಾಪಾಡಿದವು. ಮರೆಯದ ಹೊತ್ತೇ ಒಳ್ಳೆಯ ಹೊತ್ತು. ಮೂತ್ರ ಹೆಚ್ಚಿಸುವ ಮದ್ದನ್ನು ಮಾತ್ರ ರಾತ್ರಿ ಬೇಡ, ಕತ್ತಲಲ್ಲಿ ಎದ್ದು ಬೀಳುವವರು ಎಷ್ಟೋ ಮಂದಿ. ಏಕಾದಶಿಯ ಉಪವಾಸವಿರಲಿ, ಬರಿಹೊಟ್ಟೆಯ ರಕ್ತಪರೀಕ್ಷೆಯಿರಲಿ, ಬಿ.ಪಿ. ಮಾತ್ರೆಯನ್ನು ಒಂದು ಲೋಟ ನೀರಿನಲ್ಲಿ ತೆಗೆದುಕೊಳ್ಳಬಹುದು. ನೀರನ್ನೂ ಬಿಡುವ ಉಪವಾಸವಾದರೆ ಮೊದಲೇ ವೈದ್ಯರನ್ನು ಕೇಳಬೇಕು.

ನಿಮ್ಮ ತಂದೆಯವರ ಪಟ್ಟಿಯಲ್ಲಿ ಇಲ್ಲದಿದ್ದರೂ ಇದನ್ನು ಓದುವ ಬೇರೆಯವರಿಗಾಗಿ ಹೇಳುತ್ತೇನೆ: ಮೆಟೊಪ್ರೊಲಾಲ್, ಅಟೆನೊಲಾಲ್, ಕ್ಲೋನಿಡಿನ್ ತೆಗೆದುಕೊಳ್ಳುವವರು ಒಂದು ದಿನವೂ ತಾವಾಗಿ ನಿಲ್ಲಿಸಬಾರದು. ಹಠಾತ್ತನೆ ನಿಲ್ಲಿಸಿದರೆ ಒತ್ತಡವೋ ಎದೆಬಡಿತವೋ ಮೊದಲಿಗಿಂತ ಜೋರಾಗಿ ಮರುಕಳಿಸುತ್ತದೆ, ಹೃದಯದ ಕಾಯಿಲೆಯಿದ್ದವರಿಗೆ ಹೃದಯಾಘಾತವೂ ಆಗಬಹುದು. ಹೆಸರಿನಲ್ಲಿ ‘ಎಕ್ಸ್‌ಎಲ್’, ‘ಎಸ್‌ಆರ್’ ಎಂದಿರುವ, ಅಂದರೆ ಮದ್ದನ್ನು ನಿಧಾನವಾಗಿ ಬಿಡುವ ಮಾತ್ರೆಗಳನ್ನು ಪುಡಿ ಮಾಡಬಾರದು, ಅಗಿಯಬಾರದು. ಗರ್ಭಿಣಿಯರು, ಗರ್ಭ ಧರಿಸಲು ಯೋಚಿಸುತ್ತಿರುವವರು ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಎನಲಾಪ್ರಿಲ್, ರಾಮಿಪ್ರಿಲ್ ತೆಗೆದುಕೊಳ್ಳುವಂತಿಲ್ಲ, ಮಗುವಿಗೆ ಅಪಾಯ. ಅವರಿಗೆ ಬೇರೆ ಮದ್ದುಗಳಿವೆ, ವೈದ್ಯರು ಬದಲಿಸಿಕೊಡುತ್ತಾರೆ.

ಅಳೆಯುವ ಕ್ರಮವನ್ನೂ ಸರಿಮಾಡಬೇಕು. ತೋಟದಿಂದ ಬಂದು ಕೈಕಾಲು ತೊಳೆದು ಜಗಲಿಯಲ್ಲಿ ಕುಳಿತ ಕೂಡಲೇ ಅಳೆದರೆ ಬರುವ 160ಕ್ಕೆ ಅರ್ಥವಿಲ್ಲ. ಚಹಾ, ಕಾಫಿ, ಹೊಗೆಸೊಪ್ಪು ಹಾಕಿದ ಎಲೆಯಡಿಕೆ ಮುಗಿದು ಅರ್ಧ ಗಂಟೆಯಾಗಿರಬೇಕು. ಮೂತ್ರ ಕಟ್ಟಿಕೊಂಡಿರಬಾರದು. ಕುರ್ಚಿಗೆ ಬೆನ್ನು ಆನಿಸಿ, ಪಾದ ನೆಲಕ್ಕೂರಿ, ಐದು ನಿಮಿಷ ಮಾತಿಲ್ಲದೆ ಕುಳಿತಿರಬೇಕು. ಪಟ್ಟಿ ಸುತ್ತಿದ ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಒಂದೆರಡು ನಿಮಿಷ ಬಿಟ್ಟು ಎರಡು ಬಾರಿ ಅಳೆಯಿರಿ. ಒಂದು ವಾರ, ಬೆಳಿಗ್ಗೆ ಮಾತ್ರೆಗೆ ಮೊದಲು ಮತ್ತು ಸಂಜೆ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ನೋಡಬೇಕು. ಮನೆಯಲ್ಲಿ ಆ ಸರಾಸರಿ 135/85ಕ್ಕಿಂತ ಕೆಳಗಿದ್ದರೆ ಹೆಚ್ಚಿನವರಿಗೆ ಸರಿ. ತಂದೆಯವರ ಗುರಿ ಎಷ್ಟೆಂಬುದನ್ನು ಅವರ ವೈದ್ಯರು ಹೇಳಲಿ. ಅವರಿಗೆ ಇನ್ನೊಂದು ಅಳತೆ ಅಗತ್ಯ: ಕುಳಿತಾಗ ಅಳೆದು, ಎದ್ದು ನಿಂತು ಒಂದು ನಿಮಿಷಕ್ಕೂ ಮೂರು ನಿಮಿಷಕ್ಕೂ ಮತ್ತೆ ಅಳೆಯುವುದು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ, ನಿಂತಾಗ ಒತ್ತಡ ಕುಸಿಯುತ್ತಿದೆ ಎಂದರ್ಥ. ನಾಳೆ ಆರೋಗ್ಯ ಕೇಂದ್ರದಲ್ಲಿ ಇದನ್ನು ಕೇಳಿಯೇ ಮಾಡಿಸಿ.

ಕಿಡ್ನಿಯ ಭಯಕ್ಕೆ ನೇರವಾದ ಉತ್ತರ ಕೊಡುತ್ತೇನೆ. ಹತೋಟಿಯಿಲ್ಲದ ರಕ್ತದೊತ್ತಡವೇ ಮೂತ್ರಪಿಂಡವನ್ನು ಕೆಡಿಸುವ ದೊಡ್ಡ ಕಾರಣಗಳಲ್ಲಿ ಒಂದು. ಟೆಲ್ಮಿಸಾರ್ಟಾನ್ ಗುಂಪಿನ ಮದ್ದುಗಳನ್ನು ಸಕ್ಕರೆ ಕಾಯಿಲೆಯವರ ಮೂತ್ರಪಿಂಡ ಉಳಿಸಲೆಂದೇ ಕೊಡುವುದುಂಟು. ಆದರೆ ಅವು ಪೊಟ್ಯಾಸಿಯಂ ಏರಿಸಬಲ್ಲವು, ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆಯೆಂದು ರಕ್ತದಲ್ಲಿ ತೋರಿಸುವ ಕ್ರಿಯಾಟಿನಿನ್ ಅನ್ನೂ ಸ್ವಲ್ಪ ಏರಿಸಬಹುದು. ಅದಕ್ಕಾಗಿ ಶುರುಮಾಡಿದ ಕೆಲವು ವಾರಗಳಲ್ಲಿ, ಪ್ರಮಾಣ ಬದಲಿಸಿದಾಗ, ಆಮೇಲೆ ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ ಪರೀಕ್ಷೆ ಮಾಡಿಸಬೇಕು. ಐದು ಮದ್ದುಗಳ ಈ ನಾಲ್ಕು ತಿಂಗಳ ಅನಂತರ ನಿಮ್ಮ ತಂದೆಯವರಿಗೆ ಇದು ಈ ವಾರವೇ ಆಗಬೇಕು. ಉಪ್ಪು ಕಡಿಮೆ ಮಾಡಲೆಂದು ‘ಕಡಿಮೆ ಸೋಡಿಯಂ’ ಉಪ್ಪನ್ನು ತರಬೇಡಿ, ಅದರಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಹಾಕಿರುತ್ತಾರೆ. ಎಳನೀರಿನಲ್ಲೂ ಪೊಟ್ಯಾಸಿಯಂ ಹೆಚ್ಚು. ವರದಿ ಸರಿಯಿದ್ದರೆ ಒಂದು ಬೊಂಡ ಕುಡಿಯಲು ಅಡ್ಡಿಯಿಲ್ಲ, ವರದಿ ಬರುವವರೆಗೆ ತಡೆಯಿರಿ. ನಮ್ಮ ಮನೆಗಳಲ್ಲಿ ಉಪ್ಪು ಅಡಗಿರುವುದು ಸಾರಿನಲ್ಲಿ ಅಷ್ಟಲ್ಲ. ಗಂಜಿಗೆ ನೆಂಚಿಕೊಳ್ಳುವ ಮಾವಿನಮಿಡಿಯಲ್ಲಿ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆಯಲ್ಲಿ, ಹಪ್ಪಳದಲ್ಲಿ, ಒಣಮೀನಿನಲ್ಲಿ. ಇಡೀ ದಿನಕ್ಕೆ ಎಲ್ಲ ಸೇರಿ ಒಂದು ಟೀ ಚಮಚದಷ್ಟು, ಅಂದರೆ 5 ಗ್ರಾಮಿಗಿಂತ ಕಡಿಮೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ.

ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಒತ್ತಡ ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ಚಳಿಗಾಲದಲ್ಲಿ ಬೇಕಾದಷ್ಟು ಪ್ರಮಾಣ ಆಗ ಹೆಚ್ಚಾಗಬಹುದು, ಹಾಗೆನಿಸಿದರೆ ವೈದ್ಯರೇ ಕಡಿಮೆ ಮಾಡುತ್ತಾರೆ. ವಾಂತಿ, ಭೇದಿ, ಜೋರು ಜ್ವರ ಬಂದು ನೀರು ಕುಡಿಯಲಾಗದ ದಿನ ಟೆಲ್ಮಿಸಾರ್ಟಾನ್, ಮೂತ್ರ ಹೆಚ್ಚಿಸುವ ಮದ್ದುಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು. ಆ ದಿನವೇ ಫೋನ್ ಮಾಡಿ ಕೇಳಿ. ‘ಇಂಥ ದಿನ ಏನು ಮಾಡಲಿ?’ ಎಂದು ನಾಳೆಯೇ ಕೇಳಿ ಹಾಳೆಯ ಕೊನೆಯಲ್ಲಿ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಮಳೆಗಾಲದ ವಿಷಯವೊಂದಿದೆ, ಇದನ್ನು ಹೇಳುವವರು ಕಡಿಮೆ. ಟೆಲ್ಮಿಸಾರ್ಟಾನ್ ಮಾತ್ರೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ವಾರದ ಮಾತ್ರೆಗಳನ್ನು ಹಾಳೆಯಿಂದ ಬಿಡಿಸಿ ಡಬ್ಬಿಯ ಖಾನೆಗಳಲ್ಲಿ ತುಂಬಿಡುವುದು ಒಳ್ಳೆಯ ಅಭ್ಯಾಸವೇ, ಆದರೆ ಇದಕ್ಕೆ ಸಲ್ಲದು. ಜೂನ್, ಜುಲೈಯಲ್ಲಿ ನಮ್ಮ ಮನೆಗಳ ಉಪ್ಪಿನ ಮರಿಗೆಯೇ ನೀರೊಡೆಯುತ್ತದಲ್ಲವೇ? ಹಾಳೆಯನ್ನು ಒಂದೊಂದು ಮಾತ್ರೆಯಂತೆ ಕತ್ತರಿಸಿ, ಕವಚದ ಸಮೇತ ಖಾನೆಯಲ್ಲಿಡಿ, ನುಂಗುವ ಹೊತ್ತಿಗೆ ಒಡೆಯಿರಿ. ಕತ್ತರಿಸುವಾಗ ಹೆಸರು, ಅವಧಿ ಮುಗಿಯುವ ದಿನಾಂಕ ಇರುವ ಭಾಗವನ್ನು ಕೊನೆಗೆ ಉಳಿಸಿ. ಒಲೆಯ ಪಕ್ಕದ ಗೂಡು, ಬಚ್ಚಲುಮನೆಯ ಕಪಾಟು ಬೇಡ.

ಎರಡು ವಾರದ ಮದ್ದು ಸದಾ ಮನೆಯಲ್ಲಿ ಉಳಿದಿರಲಿ. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರಿನ ಚೀಟಿ ಕೈಯಲ್ಲಿ ಹಿಡಿದು, ಮದ್ದು ಮುಗಿದು, ದಿಕ್ಕು ತೋಚದೆ ನಿಂತವರನ್ನು ನಾನು ಕಂಡಿದ್ದೇನೆ. ಅಂದು ಮೂಲ ಹೆಸರು ಗೊತ್ತಿದ್ದವರಿಗೆ ಈಚೆ ಬದಿಯಲ್ಲಿಯೇ ಅದೇ ಮದ್ದು ಸಿಕ್ಕಿತು. ಕಂಪೆನಿಯ ಹೆಸರೊಂದೇ ಗೊತ್ತಿದ್ದವರು ಅಂಗಡಿಯಿಂದ ಅಂಗಡಿಗೆ ಅಲೆದರು.

ಒಂದು ದಿನ ಯಂತ್ರ 180/120 ತೋರಿಸಿದರೆ? ಐದು ನಿಮಿಷ ಸುಮ್ಮನೆ ಕುಳಿತು ಮತ್ತೆ ಅಳೆಯಿರಿ. ಜೊತೆಗೆ ಎದೆನೋವು, ಉಸಿರಾಟದ ಕಷ್ಟ, ಬಾಯಿ ಸೊಟ್ಟಗಾಗುವುದು, ಒಂದು ಬದಿಯ ಕೈಕಾಲು ಸೋಲುವುದು, ಮಾತು ತೊದಲುವುದು, ದೃಷ್ಟಿ ಮಂಜಾಗುವುದು, ಹಿಂದೆಂದೂ ಕಾಣದ ತಲೆನೋವು – ಇವುಗಳಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಿ. ಲಕ್ಷಣಗಳಿದ್ದರೆ ಅಂಕಿ ಎಷ್ಟೆಂದು ನೋಡುತ್ತ ಕೂರಬೇಡಿ. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ನಾಲ್ಕೂವರೆ ಗಂಟೆಯೊಳಗೆ ತಲುಪಬೇಕು, ನಮ್ಮ ಊರುಗಳಿಂದ ಸ್ಕ್ಯಾನ್ ಇರುವ ಆಸ್ಪತ್ರೆಗೆ ದಾರಿಯೇ ಎಷ್ಟು ಹೊತ್ತು ತಿನ್ನುತ್ತದೆಂದು ನಿಮಗೆ ಗೊತ್ತು. ಲಕ್ಷಣವೇನೂ ಇಲ್ಲದೆ ಅಂಕಿ ಮಾತ್ರ ಹೆಚ್ಚಿದ್ದರೆ ಅಂದೇ ವೈದ್ಯರಿಗೆ ಫೋನ್ ಮಾಡಿ, ಹೆಚ್ಚುವರಿ ಮಾತ್ರೆ ನುಂಗಿಸಬೇಡಿ. ನಾನು ವೃತ್ತಿ ಶುರುಮಾಡಿದ ಕಾಲದಲ್ಲಿ ಇಂಥವರಿಗೆ ನಿಫೆಡಿಪಿನ್ ಕ್ಯಾಪ್ಸೂಲನ್ನು ಚುಚ್ಚಿ ನಾಲಗೆಯಡಿ ಹಿಂಡುವುದು ರೂಢಿಯಾಗಿತ್ತು, ನಾನೂ ಹಾಗೆ ಮಾಡಿದ್ದೇನೆ. ಒತ್ತಡ ನಿಮಿಷಗಳಲ್ಲಿ ಇಳಿಯುತ್ತಿತ್ತು, ನಾವು ಸಮಾಧಾನಪಡುತ್ತಿದ್ದೆವು. ಹಾಗೆ ಥಟ್ಟನೆ ಇಳಿದ ಒತ್ತಡದಿಂದ ಮೆದುಳಿಗೂ ಹೃದಯಕ್ಕೂ ರಕ್ತ ಸಾಲದೆ ಪಾರ್ಶ್ವವಾಯು, ಹೃದಯಾಘಾತ ಆಗುತ್ತಿದ್ದುದು 1990ರ ದಶಕದಲ್ಲಿ ಸ್ಪಷ್ಟವಾದ ಮೇಲೆ ಆ ರೂಢಿಯನ್ನು ಕೈಬಿಟ್ಟೆವು. ಇಂದಿಗೂ ಯಾರಾದರೂ ನಾಲಗೆಯಡಿ ಅದನ್ನು ಇಡಲು ಹೇಳಿದರೆ ಒಪ್ಪಬೇಡಿ.

‘ಸಾಯುವವರೆಗೂ ಬಿಡಲಿಕ್ಕಿಲ್ಲವೇ?’ ಎಂಬ ತಂದೆಯವರ ಮಾತಿನಲ್ಲಿರುವ ದಣಿವು ನನಗೆ ಅರ್ಥವಾಗುತ್ತದೆ. ಈ ಮದ್ದುಗಳು ಚಟ ಹಿಡಿಸುವುದಿಲ್ಲ. ಹೆಚ್ಚಿನವರಿಗೆ ಒತ್ತಡದ ಮೂಲ ಹೋಗದೆ ಇರುವುದರಿಂದ ಮದ್ದೂ ಇರುತ್ತದೆ, ಅಷ್ಟೇ. ಉಪ್ಪು ಇಳಿದು, ತೂಕ ಇಳಿದು, ನೋವಿನ ಮಾತ್ರೆ ನಿಂತು, ಒತ್ತಡ ತಿಂಗಳುಗಟ್ಟಲೆ ಸ್ಥಿರವಾಗಿದ್ದರೆ ಪ್ರಮಾಣವನ್ನು ಮೆಲ್ಲನೆ ಇಳಿಸಿದ ರೋಗಿಗಳು ನನ್ನಲ್ಲೂ ಇದ್ದಾರೆ. ತಂದೆಯವರಿಗೆ ಹೀಗೆ ಹೇಳಿ ನೋಡಿ: ಈಗ ತಿನ್ನುತ್ತಿರುವ ಐದರಲ್ಲಿ ಎರಡು ಇವತ್ತೇ ಹೋದವು, ಇನ್ನೊಂದೆರಡು ನಾಳೆ ವೈದ್ಯರ ಕೈಯಿಂದಲೇ ಹೋಗುವ ಸಾಧ್ಯತೆಯಿದೆ, ಬೆಳಗಿನ ಒಂದೇ ಮಾತ್ರೆಯಲ್ಲಿ ಮುಗಿದರೂ ಮುಗಿಯಬಹುದು. ಅಮ್ಲೋಡಿಪಿನ್ ಅರ್ಧಕ್ಕಿಳಿದ ಮೇಲೆ ಪಾದದ ಊತ ನಿಧಾನವಾಗಿ, ವಾರಗಳ ಲೆಕ್ಕದಲ್ಲಿ ಇಳಿಯುತ್ತದೆ. ದಿನವೂ ಸಂಜೆ ಕಣಕಾಲಿನ ಸುತ್ತಳತೆಯನ್ನು ದರ್ಜಿಯ ಟೇಪಿನಲ್ಲಿ ಒಂದೇ ಜಾಗದಲ್ಲಿ ಅಳೆದು ಬಿ.ಪಿ.ಯ ಪಕ್ಕದಲ್ಲಿ ಬರೆದಿಡಿ. ಮೂರು ನಾಲ್ಕು ವಾರವಾದರೂ ಇಳಿಯದಿದ್ದರೆ ಆ ಬರಹವನ್ನೂ ರಕ್ತಪರೀಕ್ಷೆಯ ವರದಿಯನ್ನೂ ಹಿಡಿದುಕೊಂಡು ಮಂಗಳೂರಿನ ವೈದ್ಯರನ್ನೇ ಕಾಣಿ.